ಹನೂರಿಗೆ ಹೋದ ರಟ್ಟಿನ ಬಸ್ಸು

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಇಷ್ಟು ವರ್ಷದಲ್ಲಿ ಅವಳು ನನಗೆ ಒಂದೇ ಒಂದು ಗ್ರೀಟಿಂಗ್ ಕಾರ್ಡನ್ನೂ ಮಾಡಿಕೊಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿದಾಗ ನಿಮಗೆ ನನ್ನ ಮೇಲೆ ಸಿಟ್ಟು ಬರುತ್ತದೆ; ಬರಲಿ, ಬರಬೇಕಾದ್ದೇ. ಆದರೆ ಈ ಮಾತೂ ನಿಮ್ಮ ತಲೆಯ ಒಂದು ಮೂಲೆಯಲ್ಲಿರಲಿ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಡಂ. ಮನೆ ಹೊನ್ನೂರಿನಲ್ಲಿ, ಶಾಲೆ ಕೊಳ್ಳೇಗಾಲ ದಾಟಿ ಒಳಗಿನ ಹಳ್ಳಿಯಲ್ಲಿ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ, ಸಂಜೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕೂತು ವಾಪಸ್ಸು ಬರುವ ಹೊತ್ತಿಗೆ ಆರು ದಾಟಿರುತ್ತದೆ. ಮನೆಯಲ್ಲಿ ಆಗ ನಾವು ಐದು ಜನ. ಗದ್ದೆ, ತೆಂಗು ನೋಡಿಕೊಳ್ಳುವ ನನ್ನ ಗಂಡ, ನಾನು, ಮಗಳು, ಕರೆಂಟು ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿರುವ ಮೈದುನ, ಮತ್ತೆ ಅವನ ಹೆಂಡತಿ. ಗಂಡಸರಿಬ್ಬರೂ ಈ ಬರಹದಲ್ಲಿ ಊಟದ ಹೊತ್ತಿಗೆ ಬಂದು ಹೋಗುತ್ತಾರೆ, ಅಷ್ಟೇ. ವಿಷಯವಿರುವುದು ನನ್ನ ವಾರಗಿತ್ತಿಯದು.

ಅವಳು ಪಾಲಾರ್ ಕಡೆಯವಳು. ಗಡಿಯ ಊರು, ಅರ್ಧ ಕನ್ನಡ, ಅರ್ಧ ತಮಿಳು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನ್ನ ಮಗಳಿಗೆ ಹತ್ತು ತಿಂಗಳು. ಬಂದ ವಾರಕ್ಕೇ ಮಗು ಅವಳ ಸೊಂಟ ಏರಿತು, ಆಮೇಲೆ ಇಳಿಯಲೇ ಇಲ್ಲ. ನನ್ನ ರಜೆ ಮುಗಿದು ನಾಲ್ಕು ತಿಂಗಳಾಗಿತ್ತು, ಅವರಿವರ ಕೈಗೆ ಮಗುವನ್ನು ಕೊಟ್ಟು ಅಳುತ್ತಾ ಬಸ್ಸು ಹತ್ತುತ್ತಿದ್ದೆ. ಹಾಗಾಗಿ ಮೊದಮೊದಲು ನನಗೆ ಖುಷಿಯೇ ಆಯಿತು. ಪುಕ್ಕಟೆ ಆಯಾ ಸಿಕ್ಕಿದಳು ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಅಂದುಕೊಂಡದ್ದನ್ನೂ ಬರೆಯಬೇಕಲ್ಲ.

ಮಗು ಮಾತು ಕಲಿತಾಗ ನಾನು ಕೂತು ‘ಅಮ್ಮ’ ಅಂತ ತಿದ್ದಿ ತಿದ್ದಿ ಹೇಳಿಸಿದೆ. ಮೇಡಮ್ಮಿನ ಮಗಳು ಹಳ್ಳಿ ಮಾತಾಡಬಾರದು ಅನ್ನುವುದು ನನ್ನ ಗತ್ತು. ವಾರಗಿತ್ತಿಯನ್ನು ಯಾರೂ ಹೇಳಿಕೊಡದೆ ಚಿಕ್ಕವ್ವ ಅಂತ ಕರೆದಳು. ಅವಸರ ಬಿದ್ದಾಗ ಅದು ಬರೀ ಅವ್ವ ಆಗುತ್ತಿತ್ತು. ಒಂದು ಭಾನುವಾರ ಅಂಗಳದಲ್ಲಿ ಓಡುತ್ತಾ ಎಡವಿ ಬಿದ್ದಳು. ನಾನು ಎರಡು ಮಾರು ದೂರದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಂಡಿಯಲ್ಲಿ ರಕ್ತ. ನನ್ನ ಮುಖವನ್ನೇ ನೋಡಿಕೊಂಡು, ಅಡುಗೆಮನೆಯ ಕಡೆಗೆ ತಿರುಗಿ ‘ಅವ್ವಾ’ ಅಂತ ಕೂಗಿದಳು. ಅವತ್ತು ನನ್ನ ಹೊಟ್ಟೆಗೆ ಬಿದ್ದ ಕಿಚ್ಚು ಮತ್ತೆ ಆರಲಿಲ್ಲ.

ಆಮೇಲೆ ನನಗೆ ಎಲ್ಲದರಲ್ಲೂ ಅದೇ ಕಾಣತೊಡಗಿತು. ವಾರಗಿತ್ತಿ ಅವಳನ್ನು ‘ತಂಗಂ’ ಅಂತ ಕರೆಯುತ್ತಿದ್ದಳು. ತಮಿಳಿನಲ್ಲಿ ಬಂಗಾರ ಅಂತ ಅರ್ಥವಂತೆ. ಚಿನ್ನ ಅಂತ ಕರೆದರೆ ಬಾಯಿ ಸವೆಯುತ್ತದೆಯೇ ಇವಳಿಗೆ ಅಂತ ಉರಿದುಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಅವಳೇ ಮಗಳಿಗೆ ಎರಡು ಜಡೆ ಹಾಕುತ್ತಿದ್ದಳು. ರಜೆಯ ದಿನ ನಾನು ಬಾಚಣಿಗೆ ಹಿಡಿದು ಕೂತರೆ ಮಗಳು ಹೆಗಲು ಕುಗ್ಗಿಸಿ, ಅಮ್ಮ ನೀನು ಎಳೀತೀಯ ಅನ್ನುತ್ತಿದ್ದಳು. ನಿಜ, ನಾನು ಎಳೆಯುತ್ತಿದ್ದೆ. ಬಸ್ಸು ತಪ್ಪುತ್ತದೆ ಅನ್ನುವ ಅವಸರ ನನ್ನ ಕೈಯಲ್ಲಿ ಭಾನುವಾರವೂ ಇರುತ್ತಿತ್ತು.

ಇನ್ನು ಮೊಹರುಗಳ ಕತೆ. ಮಕ್ಕಳ ನೋಟ್‌ಬುಕ್ಕಿಗೆ ಒತ್ತಲು ನನ್ನ ಹತ್ತಿರ ನಾಲ್ಕು ರಬ್ಬರ್ ಸ್ಟ್ಯಾಂಪುಗಳಿದ್ದವು. ಒಂದು ನಕ್ಷತ್ರ, ಒಂದು ನಗುವ ಮುಖ, ಒಂದು ‘ಉತ್ತಮ’, ಒಂದು ‘ಮತ್ತೆ ಬರೆ’. ಕೊಳ್ಳೇಗಾಲದಲ್ಲಿ ಮಾಡಿಸಿದ್ದು. ಮಗಳು ಅವನ್ನು ಗೋಡೆಗೆಲ್ಲಾ ಒತ್ತಿ ಹಾಳು ಮಾಡುತ್ತಾಳೆಂದು ನಾನು ಬೀರುವಿನ ಮೇಲಿಟ್ಟು, ಮುಟ್ಟಿದರೆ ನೋಡು ಅಂತ ಗದರಿಸಿದ್ದೆ. ಅವಳು ಅತ್ತಳು. ವಾರಗಿತ್ತಿ ಏನು ಮಾಡಿದಳು ಗೊತ್ತೆ? ಹರಿದ ಹವಾಯಿ ಚಪ್ಪಲಿ ತೊಳೆದು, ಅಟ್ಟೆಯನ್ನು ಬ್ಲೇಡಿನಿಂದ ಕೊರೆದು, ಮಾವಿನಕಾಯಿಯ ಆಕಾರ ತೆಗೆದು ಕೊಟ್ಟಳು. ಇಂಕ್ ಪ್ಯಾಡು ಇನ್ನಾರದು, ನನ್ನದೇ; ಅದಕ್ಕೇ ಅದ್ದಿ ಒತ್ತಿದರು. ಹಳೆಯ ಕ್ಯಾಲೆಂಡರಿನ ಬೆನ್ನ ತುಂಬಾ ನೇರಳೆ ಬಣ್ಣದ ಮಾವಿನಕಾಯಿ. ಅಲ್ಲಿಂದ ಶುರುವಾಯಿತು ನೋಡಿ ಇಬ್ಬರ ಕಾರ್ಖಾನೆ. ತೆಂಗಿನಮರ, ಎಮ್ಮೆ, ನೀರಿನ ಕೊಡ, ಕರೆಂಟು ಕಂಬ. ಸಣ್ಣ ಗೆರೆಗಳು ಬೇಕಾದರೆ ಪೆನ್ಸಿಲ್ ಅಳಿಸುವ ರಬ್ಬರು. ಒಮ್ಮೆ ನನ್ನ ಮೈದುನ ಡ್ಯೂಟಿಗೆ ಹೊರಟವನು ಚಪ್ಪಲಿ ಮೆಟ್ಟಿದರೆ ಹಿಮ್ಮಡಿಯ ಜಾಗದಲ್ಲಿ ಮೀನಿನಾಕಾರದ ತೂತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ನನಗೆ ಇನ್ನಷ್ಟು ಉರಿದದ್ದು ಯಾಕೆಂದರೆ ರಟ್ಟು, ಕತ್ತರಿ, ಅಂಟಿನ ವಿಷಯದಲ್ಲಿ ಆ ಮನೆಯಲ್ಲಿ ಹೆಸರುವಾಸಿ ನಾನು. ಕಲಿಕೋಪಕರಣ ಮಾಡುವುದರಲ್ಲಿ ನನಗೆ ತಾಲ್ಲೂಕು ಮಟ್ಟದಲ್ಲಿ ಬಹುಮಾನ ಬಂದಿದೆ. ಅದು ಬಂದದ್ದು ಮಗ್ಗಿಯ ಕಾರ್ಡಿಗೆ. ರಟ್ಟನ್ನು ಚೀಲದ ಹಾಗೆ ಮಡಿಸಿ ಅಂಟಿಸಿ, ಅದರಲ್ಲಿ ಒಂದು ಕಿಟಕಿ ಕತ್ತರಿಸಿ, ಒಳಗೆ ಒಂದು ಉದ್ದನೆಯ ಪಟ್ಟಿ ತೂರಿಸಬೇಕು. ಪಟ್ಟಿ ಎಳೆದರೆ ಕಿಟಕಿಯಲ್ಲಿ ಲೆಕ್ಕ ಬರುತ್ತದೆ, ಇನ್ನಷ್ಟು ಎಳೆದರೆ ಉತ್ತರ. ಪಟ್ಟಿಗೆ ನಾವು ಬಳಸುತ್ತಿದ್ದದ್ದು ಹಳೆಯ ಮದುವೆ ಲಗ್ನಪತ್ರಿಕೆ. ದಪ್ಪ, ನುಣುಪು, ಒಳಗೆ ಚಿಟಿಕೆ ಪೌಡರ್ ಉದುರಿಸಿದರೆ ಜಾರಿಕೊಂಡು ಓಡುತ್ತದೆ. ಮೂಲೆಯಲ್ಲಿ ಅರಿಶಿನ ಹಚ್ಚಿರುತ್ತಾರಲ್ಲ, ನನ್ನ ಕ್ಲಾಸಿನ ಮಗ್ಗಿಗಳೆಲ್ಲ ಒಂದು ತುದಿಯಲ್ಲಿ ಹಳದಿಯಾಗಿರುತ್ತಿದ್ದವು.

ನನ್ನ ಕ್ಲಾಸಿನ ಹೈದರು ಕಿಲಾಡಿಗಳು. ಪಟ್ಟಿಯನ್ನು ಉತ್ತರದ ತನಕ ಎಳೆದು ನೋಡಿಕೊಂಡು, ವಾಪಸ್ಸು ತಳ್ಳಿ, ಏನೂ ಗೊತ್ತಿಲ್ಲದವರಂತೆ ಬೆರಳು ಎಣಿಸುತ್ತಾ ಕೂರುತ್ತಿದ್ದರು. ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಪಟ್ಟಿಯ ಬೆನ್ನಿಗೆ ಲಗ್ನಪತ್ರಿಕೆಯದೇ ಒಂದು ಉಗುರಿನಷ್ಟು ಚೂರನ್ನು ಮಡಿಸಿ ಅಂಟಿಸುವುದು. ಎಳೆಯುವಾಗ ಅದು ಒಳಗೆ ಚಪ್ಪಟೆಯಾಗಿ ಮಲಗಿರುತ್ತದೆ. ಅಂಚು ದಾಟಿ ಆಚೆ ಬಂದೊಡನೆ ಎದ್ದು ನಿಂತು ಅಂಚಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ತಿಪ್ಪರಲಾಗ ಹಾಕಿದರೂ ಪಟ್ಟಿ ಹಿಂದಕ್ಕೆ ಹೋಗುವುದಿಲ್ಲ. ಹೋಗಬೇಕಾದರೆ ಕೆಳಗಿನಿಂದ ಹೇರ್‌ಪಿನ್ ತೂರಿಸಿ ಅದನ್ನು ಒತ್ತಿ ಹಿಡಿಯಬೇಕು. ಆ ಚೂರಿಗೆ ನಾವು ಮನೆಯಲ್ಲಿ ಹಲ್ಲು ಅಂತ ಹೆಸರಿಟ್ಟಿದ್ದೆವು.

‘ನಾವು’ ಅಂದೆನಲ್ಲ. ಆ ಕಾರ್ಡುಗಳಿಗೆ ಪಟ್ಟಿ ಕತ್ತರಿಸಿ, ಹಲ್ಲು ಮಡಿಸಿ ಕೊಡುತ್ತಿದ್ದವಳು ವಾರಗಿತ್ತಿ. ಸಂಜೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಕತ್ತರಿಸುತ್ತಿದ್ದಳು. ಲಗ್ನಪತ್ರಿಕೆಯ ಉಪಾಯವೂ ಅವಳದೇ. ಬಹುಮಾನ ಬಂದ ದಿನ ಶಾಲು ಹೊದ್ದುಕೊಂಡು ಮಾತಾಡಿದಾಗ ನಾನು ಅವಳ ವಿಷಯ ಎತ್ತಲಿಲ್ಲ. ಮರೆತು ಹೋಗಿ ಅಲ್ಲ.

ಹೋದ ವರ್ಷ ಮೈದುನನಿಗೆ ಕೊಳ್ಳೇಗಾಲದಾಚೆಯ ಹನೂರಿಗೆ ವರ್ಗವಾಯಿತು. ಲೈನಿನ ಕೆಲಸ, ರಾತ್ರಿ ಹಗಲೆನ್ನದೆ ಕರೆಯುತ್ತಾರೆ, ದಿನಾ ಓಡಾಡಲು ಆಗುವುದಿಲ್ಲ, ಅಲ್ಲೇ ಮನೆ ಮಾಡಬೇಕು ಅಂದ. ನಾನು ಅಯ್ಯೋ ಪಾಪ ಅಂದೆ. ಒಳಗೆ ನನಗಾದ ಸಂತೋಷ ಹೇಳತೀರದು. ಅವತ್ತು ಬೇಳೆ ಪಾಯಸ ಮಾಡಿದೆ. ಗಂಡ ಏನು ವಿಶೇಷ ಅಂದರು, ಅವರು ಹೊರಡುವವರಲ್ಲವೇ, ಅದಕ್ಕೆ ಅಂದೆ.

ಅವರು ಹೊರಡುವುದು ಭಾನುವಾರ ಅಂತಾಯಿತು. ನನ್ನ ಹುಟ್ಟುಹಬ್ಬ ಅದಾದ ಮೇಲಿನ ಮಂಗಳವಾರ. ಅವರು ಹೊರಡುವ ಮುಂಚಿನ ಬುಧವಾರ ಸಂಜೆ ನಾನು ಕೈಕಾಲು ತೊಳೆದು ಕಾಫಿ ಹಿಡಿದು ಕೂತಿದ್ದೆ. ಮಗಳು ಡ್ರಾಯಿಂಗ್ ಪುಸ್ತಕ ತಂದು ಪಕ್ಕದಲ್ಲಿ ಕೂತಳು. ಒಂದು ಕಾರ್ಡು ಮಾಡಬೇಕು, ಎಳೆದರೆ ಅದರಲ್ಲಿ ಬಸ್ಸು ಓಡಬೇಕು, ನಿನ್ನ ಮಗ್ಗಿ ಕಾರ್ಡಿನ ಹಾಗೆ, ನೀನು ಮಾಡಿಕೊಡುತ್ತೀಯಾ ಅಂತ ಕೇಳಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳಬಾರದು, ಅದು ಗುಟ್ಟು ಅಂತ ನನಗೆ ನಾನೇ ಹೇಳಿಕೊಂಡೆ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ಈ ಮನೆಯಲ್ಲಿ ನಾನೊಬ್ಬಳೇ ಅಲ್ಲವೇ? ಕಾಫಿ ಆರಿಹೋದದ್ದೂ ಗೊತ್ತಾಗಲಿಲ್ಲ. ಬೀರುವಿನ ಮೇಲಿನ ನಾಲ್ಕು ಸ್ಟ್ಯಾಂಪುಗಳನ್ನೂ ಇಳಿಸಿ ಅವಳ ಮಡಿಲಿಗೆ ಹಾಕಿದೆ. ಅವಳು ಅಷ್ಟಗಲ ಕಣ್ಣುಬಿಟ್ಟಳು.

ಅವತ್ತು ಸಂಜೆ ಒಂದೂವರೆ ಗಂಟೆ ನಾವಿಬ್ಬರೂ ಕೂತು ಕೆಲಸ ಮಾಡಿದೆವು. ನನ್ನ ಬದುಕಿನ ಒಳ್ಳೆಯ ಸಂಜೆಗಳಲ್ಲಿ ಅದೂ ಒಂದು, ಮೋಸದ್ದಾದರೂ. ಬಿಳಿ ರಟ್ಟಿನ ಎಡತುದಿಯಲ್ಲಿ ನಮ್ಮ ಮನೆ, ಎರಡು ತೆಂಗಿನಮರದ ಮೊಹರು, ಗದ್ದೆಗೆ ಸಣ್ಣ ಸಣ್ಣ ಪೈರಿನ ಮೊಹರು. ಮನೆಯ ಬಾಗಿಲು ತೆರೆಯುವ ಹಾಗೆ ಮೂರು ಕಡೆ ಕತ್ತರಿಸಿದೆ. ಆಮೇಲೆ ದಾರಿಯಲ್ಲಿ ಸಿಗುವ ಕುಂತೂರಿನ ಕಬ್ಬಿನ ಟ್ರ್ಯಾಕ್ಟರು. ಅದರ ಚಕ್ರವನ್ನು ಬೇರೆ ರಟ್ಟಿನಲ್ಲಿ ಮಾಡಿ ಗುಂಡಿಪಿನ್ನು ಚುಚ್ಚಿದೆ, ಬೆರಳಲ್ಲಿ ತಿರುಗಿಸಿದರೆ ತಿರುಗುತ್ತದೆ. ಆಮೇಲೆ ಕೊಳ್ಳೇಗಾಲ. ರೇಷ್ಮೆ ಅಂಗಡಿ ಇರಬೇಕು ಅಂದಳು, ರಬ್ಬರಿನಲ್ಲಿ ಸೀರೆಯ ಬಾರ್ಡರು ಕೊರೆದೆ. ಬಸ್ಸಿನ ಮೊಹರನ್ನು ಅವಳು ಆಗಲೇ ಕೊರೆದಿಟ್ಟುಕೊಂಡಿದ್ದಳು, ಚಪ್ಪಲಿ ಅಟ್ಟೆಯಲ್ಲಿ, ನಾಲ್ಕು ಕಿಟಕಿ ಸಮೇತ. ಅದನ್ನು ಕೆಂಪು ಇಂಕಿನಲ್ಲಿ ಒತ್ತಿ, ಕತ್ತರಿಸಿ, ಪಟ್ಟಿಗೆ ಅಂಟಿಸುವುದು. ಕೊಳ್ಳೇಗಾಲ ಬಂತಲ್ಲ, ಇಲ್ಲಿಗೆ ದಾರಿ ನಿಲ್ಲಿಸೋಣವೇ ಅಂತ ಕೇಳಿದೆ.

ಬೇಡ ಅಂದಳು. “ಅನೂರ್‌ಗಂಟ ಓಗ್ಬೇಕು ಅಮ್ಮ. ಚಿಕ್ಕವ್ವ ಎಳುದ್ರೆ ಬಸ್ಸು ಅನೂರ್‌ಗೋಯ್ತದೆ, ತಳ್ಳುದ್ರೆ ನಮ್ಮನೆಗ್ ವಾಪಸ್ ಬತ್ತದೆ.”

ಹಳ್ಳಿ ಮಾತು ತಿದ್ದುವುದೂ ಮರೆತುಹೋಯಿತು. ಅಂಟಿನ ಕೈಯನ್ನು ಸೀರೆಗೆ ಒರೆಸಿಕೊಂಡೆ. ನನ್ನ ಹುಟ್ಟುಹಬ್ಬಕ್ಕೆ ಅಂತ ನಾನು ಅಂದುಕೊಂಡದ್ದು ಅವಳಿಗೆ ಗೊತ್ತೇ ಇರಲಿಲ್ಲ. ಹುಟ್ಟುಹಬ್ಬದ ನೆನಪೂ ಇದ್ದಂತೆ ಕಾಣಲಿಲ್ಲ. ನಾನು ಅಲ್ಲಿ ಅವಳ ಅಮ್ಮನಾಗಿ ಕೂತಿರಲಿಲ್ಲ, ಬೇರೆ ಹೆಂಗಸೊಬ್ಬಳಿಗೆ ಪ್ರೀತಿಯ ಕಾಗದ ಕಳಿಸಲು ಕರೆಸಿಕೊಂಡ ಬಡಗಿಯಾಗಿ ಕೂತಿದ್ದೆ. ಆದರೂ ಕಾರ್ಡು ಬಿಟ್ಟೇಳಲಿಲ್ಲ. ಹನೂರಿನ ಬೆಟ್ಟದ ಮೊಹರು ನಾನೇ ಕೊರೆದೆ, ಬೇಕಾದ್ದಕ್ಕಿಂತ ಕಲ್ಲುಕಲ್ಲಾಗಿ.

ಶನಿವಾರ ಸಂಜೆಗೆ ಕಾರ್ಡು ಮುಗಿಯಿತು. ಪಟ್ಟಿ ಎಳೆದು ನೋಡಿದಳು, ತಳ್ಳಿ ನೋಡಿದಳು. ಬಸ್ಸು ಹೊನ್ನೂರಿನಿಂದ ಹನೂರಿಗೆ, ಹನೂರಿನಿಂದ ಹೊನ್ನೂರಿಗೆ ಸರಾಗ ಓಡಿತು. ನನ್ನ ಕೈಯ ಕೆಲಸ ಅದು, ಓಡದೆ ಇರುತ್ತದೆಯೇ? ಅವಳು ಕುಣಿದಾಡಿ, ಚಿಕ್ಕವ್ವನಿಗೆ ಕಾಣಬಾರದೆಂದು ಅದನ್ನು ನನ್ನ ಬ್ಯಾಗಿನಲ್ಲೇ ಬಚ್ಚಿಟ್ಟಳು.

ಭಾನುವಾರ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಳು. ಹೊರಗೆ ಟೆಂಪೋ ಬಂದು ನಿಂತಿತ್ತು, ಗಂಡಸರು ಮಂಚ ಸಾಗಿಸುತ್ತಿದ್ದರು. ನಾನು ಬ್ಯಾಗಿನಿಂದ ಕಾರ್ಡು ತೆಗೆದು, ರಟ್ಟಿನ ಮನೆಯ ಬಾಗಿಲು ತೆರೆದೆ. ಶನಿವಾರ ಅಲ್ಲಿ ಏನೂ ಇರಲಿಲ್ಲ. ನನಗೆ ತೋರಿಸದೆ ಅವಳು ಆಮೇಲೆ ಬರೆದಿದ್ದಳು. ಎರಡು ಜಡೆಯ ಹುಡುಗಿಯ ಮೊಹರು, ಕೆಳಗೆ ಗುಂಡಗಿನ ಅಕ್ಷರದಲ್ಲಿ: ‘ನೀನು ವಾಪಸ್ ಬರುವವರೆಗೂ ನಾನು ಯಾರ ಕೈಲೂ ಜಡೆ ಹಾಕಿಸಿಕೊಳ್ಳುವುದಿಲ್ಲ.’ ಒಂದೂ ತಪ್ಪಿಲ್ಲ. ಒತ್ತಕ್ಷರ, ದೀರ್ಘ ಎಲ್ಲಾ ಸರಿಯಾಗಿತ್ತು. ನಾನು ಕಲಿಸಿದ ಬರವಣಿಗೆ.

ಯಾರ ಕೈಲೂ. ಆ ‘ಯಾರ’ ಯಾರೆಂದು ನನಗೆ ಗೊತ್ತಾಯಿತು.

ಹಲ್ಲು ಹಾಕಲು ಎರಡು ನಿಮಿಷ ಸಾಕು. ಬ್ಯಾಗಿನಲ್ಲಿ ಲಗ್ನಪತ್ರಿಕೆಯ ಚೂರುಗಳಿರುತ್ತವೆ, ಅಂಟಿನ ಟ್ಯೂಬು ಇರುತ್ತದೆ. ಪಟ್ಟಿಯನ್ನು ಪೂರಾ ಎಳೆದು, ಬೆನ್ನಿಗೆ ಅಂಟಿಸಿ, ಊದಿ ಒಣಗಿಸಿ, ಹೇರ್‌ಪಿನ್ನಿನಿಂದ ಒತ್ತಿ ಹಿಡಿದು ಬಸ್ಸನ್ನು ಹೊನ್ನೂರಿಗೆ ತಂದು ನಿಲ್ಲಿಸಿದೆ. ಇನ್ನು ಅದನ್ನು ಹನೂರಿಗೆ ಎಳೆದರೆ ಅಲ್ಲಿಗೆ ಮುಗಿಯಿತು. ಆ ಹೊತ್ತಿನಲ್ಲಿ ನನಗೆ ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇರಲಿಲ್ಲ. ಹೋದವಳು ಹೋಗಲಿ, ಬರುವುದು ಬೇಡ ಅನ್ನುವುದೊಂದೇ ಇತ್ತು.

ಸಾಮಾನೆಲ್ಲಾ ಏರಿಸಿ ಆದ ಮೇಲೆ ವಾರಗಿತ್ತಿ ಜಗಲಿಯ ಮೇಲೆ ಕೂತು ಮಗಳಿಗೆ ಜಡೆ ಹಾಕಿದಳು. ಅವತ್ತು ಎಷ್ಟು ಹೊತ್ತು ಹಾಕಿದಳೋ. ಮುಗಿದ ಮೇಲೆ ಮಗಳು ಕಾರ್ಡು ಕೊಟ್ಟಳು. ಅವಳು ಬಾಗಿಲು ತೆರೆದು ಓದಿಕೊಂಡಳು, ಮೂಗು ಒರೆಸಿಕೊಂಡಳು, ಟ್ರ್ಯಾಕ್ಟರಿನ ಚಕ್ರ ತಿರುಗಿಸಿ ನಕ್ಕಳು. ಆಮೇಲೆ ಮಗಳು ಹೇಳಿದ ಹಾಗೆ ಪಟ್ಟಿ ಎಳೆದಳು. ಬಸ್ಸು ಮೆಲ್ಲಗೆ ಕುಂತೂರು, ಕೊಳ್ಳೇಗಾಲ ದಾಟಿ ಹನೂರಿನ ಬೆಟ್ಟದ ಬುಡ ಸೇರಿತು. ಈಗ ವಾಪಸ್ಸು ತಳ್ಳು ಅಂದಳು ಮಗಳು.

ಬಸ್ಸು ಬರಲಿಲ್ಲ. ಮತ್ತೊಮ್ಮೆ ತಳ್ಳಿದಳು, ಪಟ್ಟಿ ಬಾಗಿತು, ಬರಲಿಲ್ಲ. ವಾರಗಿತ್ತಿಯ ತೋರುಬೆರಳು ಕಾರ್ಡಿನ ಬೆನ್ನಿಗೆ ಹೋಯಿತು, ಅಂಚಿನಗುಂಟ ಸವರಿತು, ಒಂದು ಕಡೆ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ಒಂದೇ ಸಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ, ಕಣ್ಣು ತಪ್ಪಿಸಲು ಆಗಲಿಲ್ಲ.

ಏನು ಮಾಡಿದೆ ಅಂತ ಮಗಳು ಕೇಳುತ್ತಿದ್ದಳು, ದನಿ ಆಗಲೇ ಅಳುವಿಗೆ ತಿರುಗಿತ್ತು. ವಾರಗಿತ್ತಿಯ ತುರುಬಿನಲ್ಲಿ ಎರಡು ಹೇರ್‌ಪಿನ್ನುಗಳು ಕಾಣುತ್ತಿದ್ದವು. ಒಂದನ್ನು ಕಿತ್ತು ಒತ್ತಿದ್ದರೆ ಸಾಕಿತ್ತು.

“ನಾನೇ ಜೋರಾಗ್ ಎಳ್ದ್‌ಬುಟ್ಟೆ ಕಣ್ ತಂಗಂ,” ಅಂದಳು. “ಒಳ್ಗೆ ಏನೋ ಕಿತ್ತೋಯ್ತು.”

ಮಗಳು ಅವಳನ್ನು ದೂಡಿದಳು. ಮೆತ್ತಗೆ ಎಳಿ ಅಂತ ಹೇಳಿರಲಿಲ್ಲವಾ, ನಾಲ್ಕು ದಿನ ಕೂತು ಮಾಡಿದ್ದೆ, ಒಂದು ನಿಮಿಷದಲ್ಲಿ ಮುರಿದುಬಿಟ್ಟೆ ಅಂತ ಕಿರುಚಿ ಒಳಗೆ ಓಡಿದಳು. ಟೆಂಪೋ ಹೊರಡುವಾಗ ಕರೆದರೂ ಬರಲಿಲ್ಲ. ಮೈದುನ ಹೊತ್ತಾಯ್ತು ಅಂತ ಹಾರ್ನ್ ಹೊಡೆಸಿದ. ವಾರಗಿತ್ತಿ ಕಾರ್ಡನ್ನು ಎದೆಗವಚಿಕೊಂಡು ಮುಂದಿನ ಸೀಟು ಹತ್ತಿದಳು, ಹತ್ತುವ ಮುಂಚೆ ಸಂಪ್ರದಾಯದಂತೆ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಒಳ್ಳೇದಾಗಲಿ ಅಂದೆ. ಇಷ್ಟು ನಾಚಿಕೆಗೆಟ್ಟವಳು ನಾನು ಅಂತ ಅಲ್ಲಿಯ ತನಕ ನನಗೂ ಗೊತ್ತಿರಲಿಲ್ಲ.

ಒಳಗೆ ಹೋದರೆ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕೂತೆ. ತಿರುಗಿ ನನ್ನ ಮಡಿಲಲ್ಲಿ ತಲೆಯಿಟ್ಟಳು. ನೀನು ಎಷ್ಟು ಚೆನ್ನಾಗಿ ಮಾಡಿದ್ದೆ ಅಮ್ಮ, ಅವರೇ ಕೆಡಿಸಿದ್ದು ಅಂದಳು. ಚಿಕ್ಕವ್ವ ಅನ್ನುವವಳು ‘ಅವರು’ ಅಂದಳು. ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಈಗ ಬಂತು. ನಾನು ಸುಮ್ಮನೆ ತಲೆ ಸವರಿದೆ.

ಸೋಮವಾರ ಬೆಳಿಗ್ಗೆ ತಾನಾಗಿ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ತಿರುಗಿಸಿ ಕೂತಳು. ನಾನು ಎಳೆಯದೆ ಹಾಕಿದೆ, ಅದಕ್ಕೋಸ್ಕರ ಅರ್ಧಗಂಟೆ ಮುಂಚೆ ಎದ್ದಿದ್ದೆ. ಜಡೆ ಒಂದು ಮೇಲೆ ಒಂದು ಕೆಳಗಾಗಿತ್ತು, ಅವಳು ಹಾಗೆಯೇ ಶಾಲೆಗೆ ಹೋದಳು. ಹೋಮ್‌ವರ್ಕು ನನ್ನ ಪಕ್ಕ, ಊಟ ನನ್ನ ಪಕ್ಕ. ಮೂರು ವಾರ ನಾನು ಗೆದ್ದವಳ ಹಾಗೆ ಇರಬೇಕಿತ್ತು. ಹನೂರಿನಿಂದ ಫೋನು ಬಂದಾಗಲೆಲ್ಲಾ ಎಲ್ಲಾ ಕೆಡುತ್ತಿತ್ತು. ವಾರಗಿತ್ತಿ ದಿನ ಬಿಟ್ಟು ದಿನ ವಿಡಿಯೋ ಕಾಲ್ ಮಾಡುತ್ತಿದ್ದಳು. ಮಗಳು ಬೇಡ ಅಂತ ತಲೆಯಾಡಿಸಿ ಎದ್ದು ಹೋಗುತ್ತಿದ್ದಳು. ಓದಿಕೊಳ್ಳುತ್ತಿದ್ದಾಳೆ, ಅಂಗಡಿಗೆ ಹೋಗಿದ್ದಾಳೆ ಅಂತ ನಾನು ಸುಳ್ಳು ಹೇಳಬೇಕಾಗುತ್ತಿತ್ತು. ಓಗ್ಲಿ ಬುಡಿ ಅಕ್ಕ, ನಾಳಿದ್ದು ಮಾಡ್ತೀನಿ ಅನ್ನುತ್ತಿದ್ದಳು ಅವಳು. ಹಾಗಂದಾಗ ಪರದೆಯಲ್ಲಿ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ನನ್ನ ಬಗ್ಗೆ ಒಂದು ಮಾತು ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ, ಅವಳು ಆಡಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಅಂತ.

ನಾಲ್ಕನೆಯ ಭಾನುವಾರ, ಕೊಳ್ಳೇಗಾಲದಲ್ಲಿ ಬ್ಲೌಸ್ ಹೊಲಿಯಲು ಕೊಡಬೇಕು ಅಂತ ಮನೆಯಲ್ಲಿ ಹೇಳಿ ಹನೂರಿನ ಬಸ್ಸು ಹತ್ತಿದೆ. ಅವರ ಮನೆ ಬಸ್‌ಸ್ಟ್ಯಾಂಡಿನಿಂದ ಹತ್ತು ಹೆಜ್ಜೆ. ಮೈದುನ ಲೈನಿನ ಮೇಲೆ ಹೋಗಿದ್ದ. ವಾರಗಿತ್ತಿ ನನ್ನ ಹಿಂದೆ ಮುಂದೆ ಇಣುಕಿದಳು, ಮಗಳು ಬಂದಿರಬಹುದೆಂದು. ಬಂದಿಲ್ಲ ಅಂದೆ. ಒಳಗೆ ಕರೆದು ಚಾಪೆ ಹಾಸಿದಳು.

ಕಾರ್ಡು ಟಿ.ವಿ.ಯ ಪಕ್ಕದಲ್ಲಿ ನಿಂತಿತ್ತು. ಬಸ್ಸು ಹೊನ್ನೂರಿನಲ್ಲಿತ್ತು. ಕೈಗೆತ್ತಿಕೊಂಡು ನೋಡಿದೆ. ಕೆಳಗಿನ ಅಂಚನ್ನು ಬ್ಲೇಡಿನಿಂದ ಬಿಡಿಸಿ, ಹಲ್ಲು ಕತ್ತರಿಸಿ ತೆಗೆದು, ಅನ್ನದ ಅಗುಳು ಮೆತ್ತಿ ಮತ್ತೆ ಅಂಟಿಸಿದ್ದಳು. ಅಂಟಿಸಿದ ಗುರುತು ಸಹ ಕಾಣದಷ್ಟು ನೀಟಾಗಿತ್ತು. ನಾನು ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹೊರಟುಹೋದವು. ತಪ್ಪಾಯಿತು ಅಂದೆ. ಅದೊಂದೇ ಬಂತು.

ಅವಳು ಕಾಫಿ ಲೋಟ ನನ್ನ ಮುಂದಿಟ್ಟು ಕೂತಳು. ಅವತ್ತೇ ಗೊತ್ತಾಗಿತ್ತು, ಅಂಥ ಹಲ್ಲು ತಾನೇ ಎಷ್ಟು ಮಡಿಸಿಕೊಟ್ಟಿಲ್ಲ ಅಂದಳು. ಮತ್ತೆ ಯಾಕೆ ಸುಮ್ಮನಿದ್ದೆ, ಯಾಕೆ ನಿನ್ನ ಮೇಲೆ ಹಾಕಿಕೊಂಡೆ ಅಂತ ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತೇನೋ.

“ನಾನಾದ್ರೆ ಓಗೋಳು ಕಣಕ್ಕ. ನೀವು ಅವ್ಳ್ ಜೊತೇಲಿ ಇರೋರು,” ಅಂದಳು. “ನಿಮ್ ಮ್ಯಾಲೆ ನಂಬ್ಕೆ ಓದ್ರೆ ಅವ್ಳು ಯಾರ್‌ತಾವ್ ಓದಾಳು?”

ಆಮೇಲೆ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೂರು ವಾರ ಆಯಿತು ಅಕ್ಕ ಅವಳ ಮಾತು ಕೇಳಿ ಅಂತ ಅತ್ತಳು. ನಮ್ಮ ಮನೆಯಲ್ಲಿದ್ದ ಎಂಟು ವರ್ಷ ಅವಳು ನನ್ನೆದುರು ಅತ್ತದ್ದನ್ನು ನಾನು ನೋಡಿರಲಿಲ್ಲ. ಇನ್ನೂ ಏನೂ ಆಗಲಿಲ್ವಾ ಅಂತ ನೆಂಟರು ನಡುಮನೆಯಲ್ಲೇ ಕೇಳಿದಾಗಲೂ ಅತ್ತಿರಲಿಲ್ಲ. ಮಗಳಿಗೆ ನಿಜ ಹೇಳಿ ಅಂತ ಅವಳು ಕೇಳಲಿಲ್ಲ. ಹೊರಡುವಾಗ ಒಂದು ಕವರಿನಲ್ಲಿ ತಾನೇ ಕರಿದ ಮುರುಕು ಹಾಕಿಕೊಟ್ಟು, ಅಂಗಡಿಯದು ಅಂತ ಅವಳಿಗೆ ಹೇಳಿ, ನಾನು ಕೊಟ್ಟೆ ಅಂದರೆ ತಿನ್ನುವುದಿಲ್ಲ ಅಂದಳು.

ಬಸ್ಸಿನಲ್ಲಿ ವಾಪಸ್ಸು ಬರುತ್ತಾ ನನ್ನ ಜೊತೆ ನಾನೇ ವಾದ ಮಾಡಿದೆ. ಹೇಳದಿದ್ದರೆ ಏನಾಗುತ್ತದೆ, ಇನ್ನೊಂದು ತಿಂಗಳಿಗೆ ಮಗು ತಾನೇ ಮರೆಯುತ್ತದೆ, ಹೇಳಿದರೆ ಈಗಷ್ಟೇ ಮಡಿಲಿಗೆ ಬಂದವಳು ಎದ್ದು ಹೋಗುತ್ತಾಳೆ. ಕೊಳ್ಳೇಗಾಲದ ತನಕ ಹೇಳುವುದಿಲ್ಲ ಅಂತಲೇ ಇದ್ದೆ. ಅಲ್ಲಿ ನಮ್ಮೂರಿನ ಕಡೆ ಹೋಗುವ ಯಳಂದೂರಿನ ಬಸ್ಸು ಹತ್ತಿ ಕೂತ ಮೇಲೆ ಮುರುಕಿನ ಕವರು ಮಡಿಲಲ್ಲಿ ಕರಕರ ಅನ್ನುತ್ತಿತ್ತು. ಇದನ್ನು ಅಂಗಡಿಯದು ಅಂತ ಮಗಳ ಕೈಗೆ ಕೊಟ್ಟು, ಅವಳು ತಿನ್ನುವುದನ್ನು ನೋಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ ಅಂತ ಅಲ್ಲಿ ಗೊತ್ತಾಯಿತು.

ಸಂಜೆ ಅವಳು ಜಗಲಿಯಲ್ಲಿ ಕೂತು ಕಾಪಿ ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತು, ಕಾರ್ಡು ಕೆಡಿಸಿದ್ದು ಚಿಕ್ಕವ್ವ ಅಲ್ಲ, ನಾನು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಒಂದು ಮಗ್ಗಿ ಕಾರ್ಡು ತಂದು ಹಲ್ಲು ತೋರಿಸಿದೆ. ಇದನ್ನೇ ಅದಕ್ಕೂ ಹಾಕಿದ್ದೆ, ನೀನು ಸ್ನಾನಕ್ಕೆ ಹೋಗಿದ್ದಾಗ, ಚಿಕ್ಕವ್ವನಿಗೆ ಗೊತ್ತಾಗಿತ್ತು, ಆದರೂ ಅವಳು ನಿನಗೆ ಹೇಳಲಿಲ್ಲ ಅಂದೆ. ಅವಳು ಕಾರ್ಡಿನ ಪಟ್ಟಿ ಎಳೆದಳು, ತಳ್ಳಿದಳು, ಹೋಗಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು.

“ಯಾಕಮ್ಮ?”

ಕ್ಲಾಸಿನಲ್ಲಿ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ನಾಳೆ ಹೇಳುತ್ತೇನೆ ಅಂತ ತಪ್ಪಿಸಿಕೊಳ್ಳುವ ಅಭ್ಯಾಸ ನನಗೆ. ಇದಕ್ಕೆ ಉತ್ತರ ಗೊತ್ತಿತ್ತು. ನಿನಗೆ ನನಗಿಂತ ಚಿಕ್ಕವ್ವ ಅಂದರೆ ಇಷ್ಟ, ಅದಕ್ಕೆ ನನಗೆ ಹೊಟ್ಟೆಕಿಚ್ಚು ಬಂತು ಅಂದೆ.

ಅಷ್ಟು ಹೇಳಿ ಕಾದೆ. ಹಾಗೇನಿಲ್ಲ ಅಮ್ಮ, ನೀನೇ ಇಷ್ಟ ಅಂತ ಅನ್ನುತ್ತಾಳೇನೋ ಅಂತ ಕಾದೆ. ಅವಳು ಸುಳ್ಳು ಹೇಳಲಿಲ್ಲ. ಪೆನ್ಸಿಲ್ಲನ್ನು ಕಾಪಿ ಪುಸ್ತಕದ ನಡುವೆ ಇಟ್ಟು ಮುಚ್ಚಿದಳು. ಆಮೇಲೆ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಹಿಂದೆಯೇ ಹೋಗಿ ಬಾಗಿಲ ಹೊರಗೆ ನಿಂತೆ. ಮೊದಲು ಅಳು ಕೇಳಿಸಿತು, ಎರಡು ಕಡೆಯದೂ. ಚಿಕ್ಕವ್ವ ಅಂತ ಒಂದು ಸಲ, ಅವ್ವ ಅಂತ ಮೂರು ನಾಲ್ಕು ಸಲ. ಆಮೇಲೆ ಅವಳು ಏನೋ ಅಂದಳು, ಇವಳು ಏನೋ ಅಂದಳು, ಇಬ್ಬರೂ ನಗತೊಡಗಿದರು. ಮೂರು ವಾರ ನನ್ನ ಪಕ್ಕದಲ್ಲಿ ಕೂತು ಉಂಡವಳು, ನನ್ನ ಕೈಲಿ ಜಡೆ ಹಾಕಿಸಿಕೊಂಡವಳು, ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ಅದು ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಆ ನಗು ಕೇಳಿ ನನಗೆ ಸಂತೋಷವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು, ಮೊದಲಿನಷ್ಟೇ ಉರಿಯಿತು. ಆದರೂ ನಾನು ಬಾಗಿಲು ತಟ್ಟಲಿಲ್ಲ.